ಪಡಸಾಲೆಯ ಆರು ನಿಮಿಷ



ಬಾನುಲಿಯ ಮೈಕಿನ ಮುಂದೆ ಕೂತು ಟಿ.ವಿ.ಯ ಗುಣಗಾನ ಮಾಡುವುದೆಂದರೆ ಗಂಡನ ಮನೆಯ ಒಲೆಯ ಮುಂದೆ ಕೂತು ತವರಿನ ಹೋಳಿಗೆ ಹೊಗಳಿದ ಹಾಗೆ. ತುಸು ಮೆಲ್ಲಗೆ ಮಾತಾಡಬೇಕು. ಆದರೂ ಇವತ್ತು ನಾನು ಆರಿಸಿಕೊಂಡಿರುವುದು ಟಿ.ವಿ.ಯಲ್ಲಿ ಬರುತ್ತಿದ್ದ ಒಂದು ಹಾಡನ್ನು. ಹೋದ ಆಗಸ್ಟ್ 15ರಂದು ನನ್ನ ಮೊಬೈಲಿಗೆ ಅದು ಹನ್ನೊಂದು ಸಲ ಬಂತು. ಹಳೆಯ ವಿದ್ಯಾರ್ಥಿಗಳು, ಬೀಗರು, ಪೆನ್ಶನ್ ಗೆಳೆಯರು, ಪುಣೆಯಲ್ಲಿರುವ ಅಳಿಯ, ಎಲ್ಲರೂ ಕಳಿಸಿದ್ದು ಅದನ್ನೇ: ‘ಮಿಲೇ ಸುರ್ ಮೇರಾ ತುಮ್ಹಾರಾ’. ಕೆಳಗೆ ಬರೆದದ್ದೂ ಹೆಚ್ಚುಕಡಿಮೆ ಒಂದೇ. ಕಣ್ಣಲ್ಲಿ ನೀರು ಬಂತು, ಆ ದಿನಗಳು ಮತ್ತೆ ಬರುವುದಿಲ್ಲ, ಆಗ ಮನುಷ್ಯರು ಮನುಷ್ಯರಾಗಿದ್ದರು.

ನನಗೂ ನೀರು ಬಂತು, ಸುಳ್ಳು ಹೇಳಲಾರೆ. ಆದರೆ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಉತ್ತರ ಸರಿ ಬಂದರೂ ಲೆಕ್ಕ ಬಿಡಿಸಿ ತೋರಿಸು ಎನ್ನುವ ಚಟ. ಈ ನೀರು ಎಲ್ಲಿಂದ ಬಂತು ಎಂದು ಸ್ವಲ್ಪ ಬಿಡಿಸಿ ನೋಡೋಣ ಎನಿಸಿತು.

ಮೊದಲು ಹಾಡಿನ ಸಂಗತಿ. 1988ರ ಆಗಸ್ಟ್ 15, ಸೋಮವಾರ. ಕೆಂಪುಕೋಟೆಯ ಮೇಲೆ ಪ್ರಧಾನಿ ರಾಜೀವ್ ಗಾಂಧಿಯವರ ಭಾಷಣ ಮುಗಿದ ಬೆನ್ನಿಗೆ ದೂರದರ್ಶನ ಇದನ್ನು ಮೊದಲ ಸಲ ತೋರಿಸಿತು. ‘ರಾಮಾಯಣ’ ಧಾರಾವಾಹಿಯ ಕೊನೆಯ ಕಂತು ಬಂದು ಹೋಗಿ ಆಗ ಬರೋಬ್ಬರಿ ಹದಿನೈದು ದಿನ. ಲೋಕ ಸೇವಾ ಸಂಚಾರ ಪರಿಷತ್ತಿಗಾಗಿ ಇದನ್ನು ಯೋಚಿಸಿದವರು ಜಾಹೀರಾತು ಲೋಕದ ಸುರೇಶ್ ಮಲ್ಲಿಕ್. ಚಿತ್ರ ತೆಗೆದವರು ಕೈಲಾಶ್ ಸುರೇಂದ್ರನಾಥ್. ಹಿಂದಿ ಸಾಹಿತ್ಯ ಪೀಯೂಷ್ ಪಾಂಡೆಯವರದು, ಸಂಗೀತದಲ್ಲಿ ಅಶೋಕ್ ಪತ್ಕಿ ಮತ್ತು ಲೂಯಿ ಬ್ಯಾಂಕ್ಸ್ ಕೈ ಇತ್ತು. ಹದಿನಾಲ್ಕು ಭಾಷೆ, ಆರು ನಿಮಿಷ. ಭಾಷೆಗಳ ನಡುವೆ ಹಂಚಿದರೆ ಒಂದೊಂದಕ್ಕೆ ಅರ್ಧ ನಿಮಿಷವೂ ಬರುವುದಿಲ್ಲ.

ಆ ವಾರವನ್ನು ನಾನು ಚೆನ್ನಾಗಿ ಬಲ್ಲೆ. ಬಸವನ ಬಾಗೇವಾಡಿಯಲ್ಲಿ ಅವತ್ತು ಶ್ರಾವಣದ ಮೊದಲ ಸೋಮವಾರ. ಬಸವಣ್ಣನ ಗುಡಿಗೆ ಬೆಳಕು ಹರಿಯುವ ಮೊದಲೇ ಜನ. ಪಂಚಮಿ ಎರಡೇ ದಿನ ಇತ್ತು. ಮನೆಮನೆಯಲ್ಲಿ ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಕಟಿ ರೊಟ್ಟಿ ಬಡಿಯುವ ಸಪ್ಪಳ, ಶೇಂಗಾ ಹುರಿಯುವ ವಾಸನೆ, ಹುಣಸಿ ಗಿಡಕ್ಕೆ ಜೋಕಾಲಿ ಹಗ್ಗ. ಆ ವರ್ಷ ಮೊಹರಮ್ಮಿನ ಚಂದ್ರನೂ ಅದೇ ಹೊತ್ತಿಗೆ ಕಂಡಿದ್ದ. ಅಲಾಯಿ ಕುಣಿಗೆ ಗುದ್ದಲಿ ಬಿದ್ದಿತ್ತು. ಇಷ್ಟೆಲ್ಲದರ ನಡುವೆ ಶಾಲೆಯಲ್ಲಿ ಧ್ವಜವಂದನೆ.

ಇವತ್ತು ನಮ್ಮೂರಲ್ಲಿ ನನ್ನ ವಾರಿಗೆಯ ಯಾರನ್ನು ಕೇಳಿದರೂ ಆ ಹಾಡನ್ನು ಮೊದಲ ದಿನವೇ, ಕೆಂಪುಕೋಟೆ ಭಾಷಣ ಮುಗಿದ ಕೂಡಲೇ ನೋಡಿದೆ ಎನ್ನುತ್ತಾರೆ. ಇರಲಿ. ಹಾಗಾದರೆ ಅವತ್ತು ಮುಂಜಾನೆ ಶಾಲೆಯ ಬಯಲಿನಲ್ಲಿ ನನ್ನ ಮುಂದೆ ಸಾಲುಗಟ್ಟಿ ನಿಂತು, ಪೆಪ್ಪರಮೆಂಟು ಯಾವಾಗ ಕೊಡುತ್ತಾರೆಂದು ಕಣ್ಣು ಹೊರಳಿಸುತ್ತಿದ್ದವರು ಯಾರು? ಧ್ವಜದ ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡು ನಾನು ಕಂಬ ಹತ್ತಿದ್ದನ್ನು ನೋಡಿ ನಕ್ಕವರು ಯಾರು? ನೆನಪು ಹೀಗೆ. ತಾನಿಲ್ಲದ ಜಾಗದಲ್ಲೂ ಹೋಗಿ ಮುಂದಿನ ಸಾಲಿನಲ್ಲಿ ಕೂತುಬಿಡುತ್ತದೆ.

ನಾನು ಅದನ್ನು ನೋಡಿದ್ದು ಅಕ್ಟೋಬರಿನಲ್ಲಿ. ಅಕ್ಟೋಬರ್ 2, ಭಾನುವಾರ, ‘ಮಹಾಭಾರತ’ ಶುರುವಾಯಿತು. ಆ ಹೊತ್ತಿಗೆ ಹಾಡು ದಿನವೂ ಬರುತ್ತಿತ್ತು. ಸುದ್ದಿಗೆ ಮೊದಲು, ಧಾರಾವಾಹಿಯ ಆಚೀಚೆ, ಕಾರ್ಯಕ್ರಮಕ್ಕೂ ಕಾರ್ಯಕ್ರಮಕ್ಕೂ ನಡುವೆ ಹೊತ್ತು ಉಳಿದರೆ. ನಮ್ಮ ಓಣಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ, ಅಡತಿ ಅಂಗಡಿಯ ಸಾವಕಾರರ ಪಡಸಾಲೆಯಲ್ಲಿ.

ಒಂದು ಪೆಟ್ಟಿಗೆಯ ಮುಂದೆ ಊರೇ ಕೂರುವುದು ನಮ್ಮ ಜಿಲ್ಲೆಗೆ ಹೊಸದಾಗಿರಲಿಲ್ಲ. ಇದನ್ನು ಬೆಂಗಳೂರಿನವರಿಗೆ ಹೇಳಿದರೆ ನಂಬುವುದಿಲ್ಲ. ಅವರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ಕ್ಕೆ. ನಮ್ಮ ಕಡೆಯ ಹಳ್ಳಿಗಳು ಅದಕ್ಕಿಂತ ಆರು ವರ್ಷ ಮೊದಲೇ ಟಿ.ವಿ. ನೋಡಿದ್ದವು. 1975ರ ಆಗಸ್ಟ್ 1ರಿಂದ ಮರುವರ್ಷ ಜುಲೈ 31ರವರೆಗೆ, ಅಮೆರಿಕದ ನಾಸಾದಿಂದ ಕಡ ತಂದ ಎಟಿಎಸ್-6 ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠ, ಬೇಸಾಯ, ಆರೋಗ್ಯದ ಕಾರ್ಯಕ್ರಮ ತೋರಿಸಿದ ಪ್ರಯೋಗ ಅದು. ‘ಸೈಟ್’ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಹಳ್ಳಿಗೆ ಒಂದು ಸೆಟ್ಟು. ಕೋಳಿಗೂಡಿಗೆ ಹೊಡೆಯುವಂಥ ತಂತಿಬಲೆಯ, ಹತ್ತು ಅಡಿ ಅಗಲದ ಬುಟ್ಟಿಯಂಥ ಆಂಟೆನಾ. ನಮ್ಮ ಸೋದರಮಾವ ಬಂಡಿ ಕಟ್ಟಿಕೊಂಡು ಪಕ್ಕದ ಹಳ್ಳಿಗೆ ಹೋಗಿ ನೋಡಿ ಬಂದು, “ಆಕಾಶದಾಗಿನ ಮಾತ ಬುಟ್ಟ್ಯಾಗ ಹಿಡಿತಾರ” ಎಂದು ಕಟ್ಟೆಯ ಮೇಲೆ ಹೇಳುತ್ತಿದ್ದ. ವರ್ಷ ತುಂಬಿತು, ಉಪಗ್ರಹವನ್ನು ಅದರ ಒಡೆಯರು ತಿರುಗಿ ಒಯ್ದರು. ಬುಟ್ಟಿ ಬರಿದಾಯಿತು.

ಸಾವಕಾರರ ಟಿ.ವಿ. ಮರದ ಕದವಿದ್ದ ಡಯನೋರಾ, ಕಪ್ಪು ಬಿಳುಪು. ಅಂಗಡಿಗೆ ಬೀಗ ಹಾಕಿದಂತೆ ಅದಕ್ಕೂ ಒಂದು ಪುಟ್ಟ ಬೀಗ. ತೆರೆಯ ಮುಂದೆ ಆಗಿನ ಕಾಲದ ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು. ಮೇಲೆ ನೀಲಿ, ನಡುವೆ ನಸುಗೆಂಪು, ಕೆಳಗೆ ಹಸಿರು. ಆಕಾಶ, ಮುಖ, ಹೊಲ ತಂತಮ್ಮ ಬಣ್ಣದಲ್ಲಿ ಕಾಣಲೆಂದು. ಹೊಲ ತೋರಿಸಿದಾಗ ಸರಿ. ಮನುಷ್ಯನ ಮುಖ ತೆರೆ ತುಂಬ ಬಂದರೆ ತಲೆ ನೀಲಿ, ಮೂಗು ಕೆಂಪು, ಗದ್ದ ಹಸಿರು. ಭೀಮಸೇನ ಜೋಶಿಯವರನ್ನು ನಾವು ಹಾಗೇ ನೋಡಿದೆವು. ಲತಾ ಮಂಗೇಶ್ಕರ್ ಅವರ ಸೆರಗಿನಲ್ಲಿ ರಾಷ್ಟ್ರಧ್ವಜದ ಮೂರು ಬಣ್ಣ ಇದೆ ಎಂಬುದು ನನಗೆ ಗೊತ್ತಾದದ್ದು ಇಪ್ಪತ್ತು ವರ್ಷ ಬಿಟ್ಟು. ನಮ್ಮ ಪಡಸಾಲೆಯಲ್ಲಿ ಆ ಬಣ್ಣಗಳ ಮೇಲೆ ಪ್ಲಾಸ್ಟಿಕ್ಕಿನ ತ್ರಿವರ್ಣ ಕೂತುಬಿಟ್ಟಿತ್ತು.

ಮಾಳಿಗೆ ಮೇಲೆ ಒಬ್ಬ ಹುಡುಗ ಆಂಟೆನಾ ಹಿಡಿದು ನಿಂತಿರುತ್ತಿದ್ದ.

“ಬಂತೇನೋ?”

“ಇಲ್ಲಲೇ, ಚುಕ್ಕಿ ಚುಕ್ಕಿ ಬರಾಕತ್ತೈತಿ. ಇನ್ನೊಂದೀಟ್ ತಿರುವು!”

“ಈಗ?”

“ಬಂತ್ ಬಂತ್, ಹಂಗ ಹಿಡಕೊಂಡ್ ನಿಂದ್ರು!”

ಆ ಹುಡುಗ ‘ಮಹಾಭಾರತ’ದ ಎಷ್ಟೋ ಕಂತುಗಳನ್ನು ಹಾಗೇ ಹಿಡಿದುಕೊಂಡು ನಿಂತೇ ಕಳೆದ. ಹಾಡನ್ನು ಮಾತ್ರ ಬಿಡುತ್ತಿರಲಿಲ್ಲ. ಅಷ್ಟೊತ್ತಿಗೆ ದಡದಡ ಇಳಿದು ಬರುತ್ತಿದ್ದ, ಚಿತ್ರ ಹೋಗುತ್ತಿತ್ತು, ದನಿ ಇರುತ್ತಿತ್ತು. ಯಾರೂ ಬಯ್ಯುತ್ತಿರಲಿಲ್ಲ.

ಹಾಡು ಶುರುವಾಗುವುದು ಒಂದು ಜಲಪಾತದಿಂದ, ಭೀಮಸೇನ ಜೋಶಿಯವರ ದನಿಯಿಂದ. ಕೊಡೈಕನಾಲಿನ ಪಾಂಬಾರ್ ಜಲಪಾತವದು. ಲಿರಿಲ್ ಸಾಬೂನಿನ ಜಾಹೀರಾತಿನ ಹುಡುಗಿ ಜಿಗಿಜಿಗಿದು ಸ್ನಾನ ಮಾಡಿದ್ದೂ ಅಲ್ಲೇ. ಅದೇ ನೀರಿನ ಮುಂದೆ ಪಂಡಿತರನ್ನು ನಿಲ್ಲಿಸಿದ ಧೈರ್ಯಕ್ಕೆ ಮೆಚ್ಚಬೇಕು. ರಾಗ ಭೈರವಿ. ನಮ್ಮ ಕಡೆ ಸಂಗೀತದ ಬೈಠಕ್ಕಿಗೆ ಹೋಗಿ ಬಲ್ಲವರಿಗೆ ಗೊತ್ತು, ಭೈರವಿ ಹಿಡಿದರೆಂದರೆ ಜನ ಚಪ್ಪಲಿ ಹುಡುಕಲು ಶುರುಮಾಡುತ್ತಾರೆ. ಕಚೇರಿ ಮುಗಿಯಿತು ಎಂದರ್ಥ. ಇಲ್ಲಿ ಅದೇ ಭೈರವಿಯಿಂದ ಪ್ರಾರಂಭ.

ಸಾವಕಾರರ ತಂದೆಗೆ ಸಂಗೀತದ ಹುಚ್ಚು. ಕುಂದಗೋಳಕ್ಕೆ ಹೋಗಿ ಬಂದವರು. ಅವರದು ಪ್ರತಿ ಸಲವೂ ಒಂದೇ ತಕರಾರು. “ಭೀಮಣ್ಣ ನಮ್ಮ ರೋಣದಾಗ ಹುಟ್ಟಿದಾಂವ. ಕುಂದಗೋಳದಾಗ ಸವಾಯಿ ಗಂಧರ್ವರ ಮನ್ಯಾಗ ನೀರು ಹೊತ್ತು ಕಲ್ತಾಂವ. ಅಂವಗ ಹಿಂದಿ ಕೊಟ್ಟು, ಕನ್ನಡಾನ ಬ್ಯಾರೇದವ್ರ ಕಡೆ ಹಾಡ್ಸ್ಯಾರ ನೋಡ್ರಿ.” ಮುದುಕರ ತಕರಾರಿನಲ್ಲಿ ಹುರುಳಿತ್ತು. ತಮಿಳು ಭಾಗ ಹಾಡಿದ ಬಾಲಮುರಳಿಕೃಷ್ಣ ಮತ್ತು ಜೋಶಿ ಇಬ್ಬರೂ ಇದಕ್ಕಿಂತ 22 ವರ್ಷ ಮೊದಲೇ ಒಂದು ಕನ್ನಡ ಸಿನಿಮಾಕ್ಕೆ ಹಾಡಿದ್ದರು. ಅ.ನ.ಕೃ. ಕಾದಂಬರಿಯ ‘ಸಂಧ್ಯಾರಾಗ’, 1966ನೇ ಇಸವಿ, ರಾಜಕುಮಾರ್ ಅಭಿನಯ. ಹಾಗೆ ನೋಡಿದರೆ ಆ ಎರಡು ಸ್ವರ ಮೊದಲು ಸೇರಿದ್ದು ನಮ್ಮ ಅಂಗಳದಲ್ಲೇ.

ತಮಿಳಿನ ಬೆನ್ನಿಗೆ ಕನ್ನಡ ಬರುತ್ತಿತ್ತು. ಸಮುದ್ರದ ದಂಡೆ ಕಂಡಿತೋ ಇಲ್ಲವೋ ಹುಡುಗರು ತುದಿಗಾಲಲ್ಲಿ. “ಏ ನಮ್ದು ಬಂತು, ನಮ್ದು ಬಂತು! ಸುಮ್ಮ ಕುಂಡ್ರೋ!” ಆ ‘ಸುಮ್ಮ ಕುಂಡ್ರೋ’ ಎಂದು ಕೂಗುವವರ ದನಿಯೇ ಎಲ್ಲರಿಗಿಂತ ದೊಡ್ಡದು. ಕೇಕೆ ನಿಲ್ಲುವಷ್ಟರಲ್ಲಿ ತೆಲುಗು ಶುರುವಾಗಿರುತ್ತಿತ್ತು. ಆರು ತಿಂಗಳು ದಿನವೂ ಬಂದ ಹಾಡು ಅದು. ಆದರೂ ಕನ್ನಡ ಬಂತೆಂಬ ಗದ್ದಲದಲ್ಲಿ ನಮ್ಮ ಪಡಸಾಲೆಯವರು ಯಾರೂ ಕನ್ನಡದ ಸಾಲನ್ನು ನೆಟ್ಟಗೆ ಕೇಳಲಿಲ್ಲ. ಪ್ರಕಾಶ್ ಪಡುಕೋಣೆಯವರ ಮುಖ ಕಂಡರೆ ಇನ್ನೊಂದು ಕೇಕೆ. ಬ್ಯಾಡ್ಮಿಂಟನ್ ಎಂದರೆ ಏನೆಂದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ, ‘ನಮ್ಮಾಂವ’ ಎಂಬುದಷ್ಟೇ ಗೊತ್ತಿತ್ತು.

ಈಗ ಒಂದು ಮಾತು. ಇದನ್ನು ಎಲ್ಲರೂ ಮೇಳಗಾನ ಎನ್ನುತ್ತಾರೆ. ಆದರೆ ಇದರಲ್ಲಿ ಹಾಡಿದವರು ಯಾರೂ ಒಂದು ಕಡೆ ಕೂಡಿ ಹಾಡಿದವರಲ್ಲ. ಜೋಶಿ ಬೆಟ್ಟದ ಮೇಲೆ, ಬಾಲಮುರಳಿ ಕಡಲ ದಂಡೆಯಲ್ಲಿ, ಬಂಗಾಳಿಯ ಭಾಗ ಕಲಕತ್ತೆಯ ಮೆಟ್ರೋ ರೈಲಿನಲ್ಲಿ. ತುಂಡು ತುಂಡಾಗಿ ತೆಗೆದು, ಕೌದಿ ಹೊಲಿದಂತೆ ಸ್ಟುಡಿಯೋದಲ್ಲಿ ಹೊಲಿದದ್ದು. ಅಮೆರಿಕದವರ ‘ವಿ ಆರ್ ದ ವರ್ಲ್ಡ್’ ಹೀಗಲ್ಲ. 1985ರ ಜನವರಿ 28ರ ರಾತ್ರಿ ಲಾಸ್ ಏಂಜಲೀಸಿನ ಒಂದೇ ಕೋಣೆಯಲ್ಲಿ ನಲವತ್ತಕ್ಕೂ ಹೆಚ್ಚು ಗಾಯಕರು ಭುಜಕ್ಕೆ ಭುಜ ತಾಗಿಸಿ ನಿಂತು ಬೆಳಗಿನವರೆಗೆ ಹಾಡಿದರು. ನಮ್ಮದರಲ್ಲಿ ಕೂಡಿದ್ದು ಹಾಡಿದವರಲ್ಲ, ನೋಡಿದವರು. ಅವರು ಬೇರೆ ಬೇರೆ ಊರಲ್ಲಿ ನಿಂತರು, ನಾವು ಒಂದು ಪಡಸಾಲೆಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತೆವು.

ನನ್ನ ಅವ್ವನಿಗೆ ಹಿಂದಿ ಬರುತ್ತಿರಲಿಲ್ಲ, ಭೈರವಿಯೂ ಗೊತ್ತಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ಸಲ ಕೇಳಿದಾಗ ಅವಳು ಹೇಳಿದ್ದು ಇಷ್ಟು: “ಇದು ಬೀಸೂ ಪದದ್ಹಂಗ ಐತಿ ನೋಡು. ಒಬ್ಬಾಕಿ ಎತ್ತಿಕೊಡ್ತಾಳ, ಇನ್ನೊಬ್ಬಾಕಿ ಹಿಡಿತಾಳ.” ಬೀಸುವ ಕಲ್ಲಿಗೆ ಇಬ್ಬರು ಎದುರುಬದುರು ಕೂರುತ್ತಾರೆ, ಒಂದೇ ಗೂಟಕ್ಕೆ ನಾಲ್ಕು ಕೈ. ಒಬ್ಬಳು ಅರ್ಧ ಸುತ್ತು ಎಳೆದು ಅರ್ಧ ಸಾಲು ಹಾಡುತ್ತಾಳೆ, ಕಲ್ಲು ಇನ್ನೊಬ್ಬಳ ಕಡೆ ಹೋಗುವಾಗ ಸಾಲೂ ಹೋಗುತ್ತದೆ. ಉಸಿರು ಕಟ್ಟದಂತೆ ಮಾಡಿಕೊಂಡ ಉಪಾಯ ಅದು. ಕೈಗೆ ಕೈ, ದನಿಗೆ ದನಿ. ಆಗ ಪಕ್ಕದ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಪುಸ್ತಕದಲ್ಲಿ ಓದುವಾಗ ಅದು ಒಬ್ಬಳ ಹಾಡಿನಂತೆ ಕಾಣುತ್ತದೆ. ಅವ್ವನನ್ನು ಕೇಳಿದರೆ, ಎದುರಿಗೆ ಯಾರು ಕೂತಿದ್ದರು ಎಂಬುದನ್ನೇ ಮೊದಲು ಹೇಳುತ್ತಿದ್ದಳು.

ಎದುರಿಗೆ ಯಾರು ಕೂತಿದ್ದರು. ನಾನು ಬಿಡಿಸಲು ಹೊರಟ ಲೆಕ್ಕ ಇಲ್ಲಿಗೆ ಬಂದು ನಿಂತಿದೆ. ‘ಆಗ ಎಲ್ಲರೂ ಕೂಡಿ ನೋಡುತ್ತಿದ್ದೆವು’ ಎಂದು ಹನ್ನೊಂದು ಮಂದಿಯೂ ಬರೆದಿದ್ದರು. ನಾನು ಕಣ್ಣು ಮುಚ್ಚಿ ಆ ಪಡಸಾಲೆಯನ್ನು ಎಣಿಸಿಕೊಂಡೆ. ಮುಂದೆ ಜಮಖಾನದ ಮೇಲೆ ಸಾವಕಾರರ ಮನೆಯವರು. ಹಿಂದೆ ನೆಲದ ಮೇಲೆ ನಾವು, ಓಣಿಯವರು. ಬಾಗಿಲ ಮರೆಯಲ್ಲಿ ಹೆಣ್ಣುಮಕ್ಕಳು. ಅಷ್ಟೇ ಅಲ್ಲ. ಕಿಡಕಿಯ ಸರಳಿನ ಆಚೆ, ಓಣಿಯಲ್ಲಿ, ನಿಂತುಕೊಂಡು ಐದಾರು ಮಂದಿ. ಅವರು ಊರ ಆಚೆಯ ಕೇರಿಯವರು. ಒಳಗೆ ಬನ್ನಿ ಎಂದು ಯಾರೂ ಅನ್ನಲಿಲ್ಲ, ಅವರೂ ಕೇಳಲಿಲ್ಲ. ನಾನೂ ಅನ್ನಲಿಲ್ಲ. ವಾರಕ್ಕೆ ಐದು ದಿನ ಮಕ್ಕಳಿಗೆ ಬಸವಣ್ಣನ ಪಾಠ ಹೇಳುತ್ತಿದ್ದವನು, ಬಸವಣ್ಣ ಹುಟ್ಟಿದ ಊರಲ್ಲಿ. ಆ ವರ್ಷ ಪಂಜಾಬು ಉರಿಯುತ್ತಿತ್ತು, ಮೇ ತಿಂಗಳಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಕಮಾಂಡೊಗಳು ಹೋಗಿದ್ದರು. ದೇಶಕ್ಕೆ ಇಂಥ ಹಾಡು ಯಾಕೆ ಬೇಕಾಯಿತು ಎಂದು ನಾನು ಮಕ್ಕಳಿಗೆ ಪಂಜಾಬಿನ ಉದಾಹರಣೆ ಕೊಟ್ಟು ಬಿಡಿಸಿ ಹೇಳಿದ್ದೆ. ಕಿಡಕಿಯ ಉದಾಹರಣೆ ಹೊಳೆಯಲಿಲ್ಲ.

ಹೊರಗೆ ನಿಂತವರಲ್ಲಿ ಒಬ್ಬ ಹಲಗಿ ಬಾರಿಸುವವನಿದ್ದ. ಮೊಹರಮ್ಮಿನ ರಿವಾಯತ್ ಪದಗಳಲ್ಲಿ ಮುಮ್ಮೇಳ ಅವನದೇ. ಅವನ ದನಿಗೆ ಎದುರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇನ್ನೊಬ್ಬರಿರಲಿಲ್ಲ. ಒಂದು ದಿನ ಸಂತೆಯಲ್ಲಿ ಸಿಕ್ಕು ಕೇಳಿದ: “ಮಾಸ್ತರ, ಆ ಹಾಡಿನಾಗಿನ ಕನ್ನಡ ನುಡಿ ನಿಮಗ ಪೂರಾ ಕೇಳಿಸೇತೇನ್ರಿ?” ಇಲ್ಲ ಎಂದೆ. ಅವನು ಉಳ್ಳಾಗಡ್ಡಿ ಚೀಲದ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಸಾಲನ್ನು ಅಕ್ಷರ ಬಿಡದೆ ಹಾಡಿ ತೋರಿಸಿದ. ಅದರ ಹಿಂದಿನ ತಮಿಳು, ಮುಂದಿನ ತೆಲುಗು ಕೂಡ, ಅರ್ಥ ಗೊತ್ತಿಲ್ಲದಿದ್ದರೂ ಉಚ್ಚಾರ ತಪ್ಪಿಲ್ಲದೆ. ಹೇಗೆ ಕಲಿತೆ ಎಂದೆ. “ಕಿಡಕ್ಯಾಗಿಂದ ಚಿತ್ರ ಎಲ್ಲಿ ಕಾಣ್ತೈತ್ರಿ, ಬರೀ ಬೆಳಕ ಬಡಿತೈತಿ. ನಾ ಕೇಳಿದ್ದಷ್ಟ.”

ಒಳಗೆ ಕೂತವರಿಗೆ ಅದು ಟಿ.ವಿ.ಯಾಗಿತ್ತು. ಅವನಿಗೆ ಬಾನುಲಿಯೇ.

1989ರ ಮೊಹರಂ ಶುರುವಾದದ್ದು ಆಗಸ್ಟ್ ಮೊದಲ ವಾರದಲ್ಲಿ. ಖತಲ್ ರಾತ್ರಿ ಅಲಾಯಿ ಕುಣಿಯ ಸುತ್ತ ಜನ ನೆರೆದಿದ್ದರು. ಲಿಂಗಾಯತರು, ಮುಸಲ್ಮಾನರು, ಕುರುಬರು, ಆಚೆ ಕೇರಿಯವರು. ನಮ್ಮ ಕಡೆ ಮೊಹರಂ ಯಾರದು ಎಂದು ಯಾರೂ ಕೇಳುವುದಿಲ್ಲ. ಅವನ ಮೇಳದ ಸರದಿ ಬಂತು. ಹಸೇನ್-ಹುಸೇನರ ಪದವೇ, ಕರ್ಬಲಾದ ಕಥೆಯೇ. ಆದರೆ ಮೊದಲ ಸಾಲು ಎತ್ತಿದ್ದು ಭೀಮಣ್ಣನ ಭೈರವಿಯ ಆ ಮಟ್ಟಿನಲ್ಲಿ. ನೆರೆದವರಿಗೆ ಒಂದು ಗಳಿಗೆ ಏನೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹಿಮ್ಮೇಳದ ನಾಲ್ಕು ಮಂದಿ ಹಿಡಿಯುವ ಮೊದಲೇ ಸುತ್ತ ನಿಂತ ಹುಡುಗರು ಹಿಡಿದರು. ಆಂಟೆನಾ ಹುಡುಗ ಇದ್ದ. ಸಾವಕಾರರ ತಂದೆ ಕೋಲೂರಿ ನಿಂತಿದ್ದರು, ಅವರ ಬಾಯಿಯೂ ಆಡುತ್ತಿತ್ತು. ಅವನು ಎತ್ತಿಕೊಡುತ್ತಿದ್ದ, ನಾವು ಹಿಡಿಯುತ್ತಿದ್ದೆವು. ಎಷ್ಟು ಹೊತ್ತು ನಡೆಯಿತೋ ನಾನು ಗಡಿಯಾರ ನೋಡಲಿಲ್ಲ, ಆರು ನಿಮಿಷಕ್ಕಿಂತ ಜಾಸ್ತಿಯೇ.

ಮರು ಭಾನುವಾರ ಅವನು ಮತ್ತೆ ಕಿಡಕಿಯ ಹೊರಗೇ ನಿಂತಿದ್ದ. ಇದನ್ನೂ ಹೇಳಬೇಕು.

2010ರ ಜನವರಿ 26ಕ್ಕೆ ಆ ಹಾಡಿನ ಹೊಸ ಅವತಾರ ಬಂತು. ಹದಿನಾರು ನಿಮಿಷ, ತುಂಬ ಸಿನಿಮಾ ತಾರೆಯರು, ಒಳ್ಳೆಯ ಬಣ್ಣ. ಜನ ನೋಡಿದರು, ಮರೆತರು. ಮರುವರ್ಷ ಜನವರಿ 24ಕ್ಕೆ ಜೋಶಿಯವರು ಪುಣೆಯಲ್ಲಿ ತೀರಿಕೊಂಡರು. ಹಲಗಿಯವನು ಅದಕ್ಕೂ ಮೊದಲೇ ಹೋಗಿದ್ದ. ಅವನ ದನಿಯನ್ನು ಯಾರೂ ಟೇಪಿನಲ್ಲಿ ಹಿಡಿದಿಡಲಿಲ್ಲ. ನನ್ನ ಹತ್ತಿರ ಒಂದು ಟೇಪ್ ರೆಕಾರ್ಡರ್ ಇತ್ತು, ಅದರಲ್ಲಿ ನಾನು ರೇಡಿಯೋದ ಭಾವಗೀತೆ ತುಂಬಿಸಿಕೊಳ್ಳುತ್ತಿದ್ದೆ. ನನ್ನ ಮೊಮ್ಮಗಳು ಈಗ ಹಾಡನ್ನು ಕಿವಿಗೆ ಸಿಕ್ಕಿಸಿಕೊಂಡು ಒಬ್ಬಳೇ ಕೇಳುತ್ತಾಳೆ. ಅವಳನ್ನು ನಾನು ಬಯ್ಯುವುದಿಲ್ಲ. ಅವಳ ಮೊಬೈಲಿಗೆ ಕಿಡಕಿ ಇಲ್ಲ, ಆ ಮಟ್ಟಿಗೆ ಅದು ಸಾವಕಾರರ ಡಯನೋರಾಕ್ಕಿಂತ ವಾಸಿ.

ಕೇಳುಗರಲ್ಲಿ ನನ್ನದೊಂದು ಕೋರಿಕೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನೀವು ಎಲ್ಲಿಯವರೇ ಆಗಿರಿ. ನಿಮ್ಮ ಓಣಿಯ ಮೊದಲ ಟಿ.ವಿ. ಯಾರ ಮನೆಯಲ್ಲಿತ್ತು, ಅದರ ಮುಂದೆ ಯಾರು ಎಲ್ಲಿ ಕೂರುತ್ತಿದ್ದರು, ಹೊರಗೆ ನಿಂತವರು ಯಾರು, ಅವರಲ್ಲಿ ಹಾಡುವವರಿದ್ದರೆ ಅವರ ದನಿ ಎಲ್ಲಾದರೂ ಉಳಿದಿದೆಯೇ, ನೆನಪಿದ್ದಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಈ ನಿಲಯಕ್ಕೆ ಕಳಿಸಿರಿ. ಹಾಡನ್ನು ಮಾತ್ರ ಕಳಿಸಬೇಡಿ, ನನ್ನಲ್ಲಿ ಹನ್ನೊಂದಿವೆ.